ಮೂವತ್ತಾರು ಮಿಲಿಮೀಟರಿನ ಸರದಿ

ರೋಲೆಕ್ಸ್‌ನ ಅಧಿಕೃತ ಮಳಿಗೆಗಳಲ್ಲಿ, ಅದು ಜಿನೀವಾ ಇರಲಿ ಬೆಂಗಳೂರಿರಲಿ, ಕೆಲ ವರ್ಷಗಳಿಂದ ಒಂದು ವಿಚಿತ್ರ ರಿವಾಜು ನಡೆದುಬಂದಿದೆ. ಗಾಜಿನ ಕಪಾಟಿನಲ್ಲಿ ವಾಚು ಇರುತ್ತದೆ, ದುಡ್ಡು ಎಣಿಸಲು ಗಿರಾಕಿಯೂ ತಯಾರಿರುತ್ತಾನೆ, ಆದರೆ ವ್ಯಾಪಾರ ಕುದುರುವುದಿಲ್ಲ. ‘ಇದು ಪ್ರದರ್ಶನಕ್ಕೆ ಮಾತ್ರ ಸರ್. ನಿಮ್ಮ ಹೆಸರು ಬರೆದುಕೊಳ್ಳಲೇ?’ ಡೇಟೋನಾ, ಸಬ್‌ಮರೀನರ್‌ಗಳಂಥ ಹೆಸರಾಂತ ಮಾಡೆಲುಗಳಿಗೆ ಹೀಗಾದರೆ ಒಪ್ಪಿಕೊಳ್ಳಬಹುದು. ಎಕ್ಸ್‌ಪ್ಲೋರರ್‌ಗೂ ಹೀಗೇ ಎಂದರೆ ಹುಬ್ಬೇರುತ್ತದೆ. ಅದರಲ್ಲಿ ತಾರೀಖಿಲ್ಲ, ವಜ್ರವಿಲ್ಲ, ಡಯಲ್ ಸುತ್ತ ತಿರುಗುವ ಬಳೆಯಿಲ್ಲ. ಉಕ್ಕಿನ ಕವಚ, ಕಪ್ಪು ಡಯಲ್, ಅದರ ಮೇಲೆ 3, 6, 9 ಎಂಬ ಮೂರು ಅಂಕಿ, ಅಷ್ಟೇ. ಅಗಲ 36 ಮಿಲಿಮೀಟರ್. ಪಕ್ಕದಲ್ಲಿ ಕೂತವರ ಗಮನಕ್ಕೂ ಬಾರದ ಈ ವಾಚಿಗೆ ಜನ ಸಾಲುಗಟ್ಟಿದ್ದು ಹೇಗೆ?

ಕಥೆ ರೋಲೆಕ್ಸ್ ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್‌ನಿಂದ ಶುರುವಾಗುತ್ತದೆ. ಬವೇರಿಯಾದ ಕುಲ್ಮ್‌ಬಾಖ್‌ನಲ್ಲಿ ಹುಟ್ಟಿದ ಈತ 1905ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆ ಸೇರಿ ವಾಚಿನ ವ್ಯಾಪಾರ ತೆರೆದ. ಆಗ ಗಂಡಸರ ವಾಚೆಂದರೆ ಕೋಟಿನ ಜೇಬಿನಲ್ಲಿ ಸರಪಳಿಗೆ ತೂಗುವಂಥದ್ದು. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬು ತಡಕಲು ಪುರುಸೊತ್ತಿಲ್ಲದ ಸೈನಿಕರು ಅದನ್ನು ಬದಲಿಸಿದರು. ಆದರೂ ನೀರು, ಧೂಳು ಒಳಹೊಕ್ಕು ವಾಚು ಕೆಡುತ್ತಿತ್ತು. 1926ರಲ್ಲಿ ರೋಲೆಕ್ಸ್ ತಿರುಪು ಹಾಕಿ ಮುಚ್ಚುವ ‘ಆಯ್‌ಸ್ಟರ್’ ಕವಚ ತಂದಿತು. 1931ರಲ್ಲಿ ಕೈಯ ಚಲನೆಯಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವ ‘ಪರ್ಪೆಚುಯಲ್’ ರೋಟರ್ ಬಂತು.

ವಿಲ್ಸ್‌ಡಾರ್ಫ್ ಯಂತ್ರದ ಬೆಲೆಯನ್ನು ಎಷ್ಟು ಬಲ್ಲನೋ, ಯಂತ್ರದ ಕಥೆಯ ಬೆಲೆಯನ್ನೂ ಅಷ್ಟೇ ಬಲ್ಲ. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಯುವತಿ ಇಂಗ್ಲಿಷ್ ಕಡಲ್ಗಾಲುವೆ ಈಜಿ ದಾಟಿದಳು. ಆ ಸಾಧನೆಯನ್ನು ಕೆಲವರು ಅನುಮಾನಿಸಿದಾಗ ಅದೇ ತಿಂಗಳು ಮತ್ತೆ ನೀರಿಗಿಳಿದಳು. ಈ ಸಲ ಕೊರಳಲ್ಲಿ ಒಂದು ಆಯ್‌ಸ್ಟರ್ ಇತ್ತು. ಕೊರೆಯುವ ಚಳಿಗೆ ಈಜು ಅರ್ಧಕ್ಕೆ ನಿಂತಿತು, ವಾಚು ನಿಲ್ಲಲಿಲ್ಲ. ನವೆಂಬರಿನಲ್ಲಿ ‘ಡೈಲಿ ಮೇಲ್’ ಪತ್ರಿಕೆಯ ಇಡೀ ಮುಖಪುಟ ರೋಲೆಕ್ಸ್ ಜಾಹೀರಾತಾಯಿತು. ಓದಿದವರ ತಲೆಯಲ್ಲಿ ಉಳಿದದ್ದು ಮಾತ್ರ ಆ ವಾಚು ಕಾಲುವೆ ದಾಟಿತೆಂಬ ಚಿತ್ರ.

1953ರ ಮೇ 29ರಂದು, ಮನುಷ್ಯ ಮೊದಲ ಬಾರಿ ಏರಿದ ಎವರೆಸ್ಟಿನ ಮೇಲೂ ಇಂಥದ್ದೇ ಕಥೆ. ಬ್ರಿಟಿಷ್ ತಂಡಕ್ಕೆ ರೋಲೆಕ್ಸ್ ವಾಚುಗಳನ್ನು ಒದಗಿಸಿದ್ದು ನಿಜ. ಆದರೆ ಇಂಗ್ಲೆಂಡಿನ ಸ್ಮಿತ್ಸ್ ಕಂಪನಿಯೂ ಒದಗಿಸಿತ್ತು. ಆ ತಂಡದ ಹಿಲರಿ ಶಿಖರಕ್ಕೆ ಒಯ್ದದ್ದು ತನ್ನ ವಾಚನ್ನೇ ಎಂದು ಸ್ಮಿತ್ಸ್ ಜಾಹೀರಾತು ಹಾಕಿತು. ಶಿಖರದಲ್ಲಿ ಯಾರ ಕೈಯಲ್ಲಿ ಯಾವ ವಾಚಿತ್ತು ಎಂಬ ಜಗಳ ವಾಚುಪ್ರಿಯರ ನಡುವೆ ಇನ್ನೂ ಹರಿದಿಲ್ಲ. ಹರಿಯಬೇಕಾದ ಅಗತ್ಯವೂ ನನಗೆ ಕಾಣದು. ಅದೇ ವರ್ಷ ರೋಲೆಕ್ಸ್ ಎಕ್ಸ್‌ಪ್ಲೋರರ್ ಎಂಬ ಹೆಸರಿನ ವಾಚನ್ನು ಮಾರುಕಟ್ಟೆಗೆ ಬಿಟ್ಟಿತು, ಸ್ಮಿತ್ಸ್ ಕಾಲಕ್ರಮೇಣ ವಾಚು ಮಾಡುವುದನ್ನೇ ಬಿಟ್ಟಿತು. ಕನ್ನಡದ ಓದುಗರಿಗೆ ಇನ್ನೊಂದು ಕಾಕತಾಳೀಯ: ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ನಮ್ಮ ಎಚ್‌ಎಂಟಿ, ಸ್ಥಾಪನೆಯಾದದ್ದೂ 1953ರಲ್ಲೇ.

ಎಕ್ಸ್‌ಪ್ಲೋರರ್‌ಗೆ ನೆಲೆಯಾದ ರೂಪ ಸಿಕ್ಕಿದ್ದು ಅರವತ್ತರ ದಶಕದ ಆರಂಭದಲ್ಲಿ ಬಂದ 1016 ಎಂಬ ಸಂಖ್ಯೆಯ ಮಾಡೆಲಿನಲ್ಲಿ. 1989ರವರೆಗೆ, ಕಾಲು ಶತಮಾನ ಅದು ಹೆಚ್ಚುಕಡಿಮೆ ಹಾಗೇ ಇತ್ತು. ಹನ್ನೆರಡರ ಜಾಗದಲ್ಲಿ ತಲೆಕೆಳಗಾದ ತ್ರಿಕೋನ, ಮೂರು ಅಂಕಿಗಳು, ಉಳಿದ ಕಡೆ ಬರೀ ಗೀಟು. ಗಂಟೆಯ ಮುಳ್ಳಿನ ತುದಿಗೆ ಮೂರು ಭಾಗವಾದ ಒಂದು ವೃತ್ತವಿದೆ. ಅರೆಗತ್ತಲಲ್ಲೂ ಅದು ನಿಮಿಷದ ಮುಳ್ಳಲ್ಲ ಎಂದು ತಟ್ಟನೆ ತಿಳಿಯುತ್ತದೆ. ಬೆಳಗಿನ ಜಾವ ಗುಡಾರದಲ್ಲಿ ಎದ್ದು ಕೂತವನು ಕಣ್ಣುಜ್ಜಿಕೊಂಡು ನೋಡಿದರೂ ಹೊತ್ತು ಕಾಣಬೇಕು ಎಂಬ ಲೆಕ್ಕಾಚಾರ ಇಡೀ ಡಯಲ್‌ನಲ್ಲಿದೆ. 36 ಮಿಲಿಮೀಟರ್ ಆಗ ಚಿಕ್ಕದೇನೂ ಅಲ್ಲ, ಗಂಡಸರ ವಾಚಿನ ಮಾಮೂಲಿ ಅಳತೆ.

ನಮ್ಮಲ್ಲೂ ಹಾಗೇ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಸಲು ತೊಡಗಿದ ಎಚ್‌ಎಂಟಿಯ ಜನತಾ ನೆನಪಿದೆಯಲ್ಲ? ಅದೂ ಸುಮಾರು ಇದೇ ಗಾತ್ರದ್ದು. ಹದಿನೇಳು ಜ್ಯುವೆಲ್, ದಿನಾ ಬೆಳಿಗ್ಗೆ ಕೀ ಕೊಡಬೇಕು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದ ವಾಚು. ದೊಡ್ಡ ವಾಚು ಕಟ್ಟಿದರೆ ಗೌರವ ಹೆಚ್ಚೆಂದು ಯಾರೂ ಅಂದುಕೊಂಡಿರಲಿಲ್ಲ. ವಾಚಿರುವುದೇ ಗೌರವ.

1969ರ ಕ್ರಿಸ್‌ಮಸ್ ದಿನ ಟೋಕಿಯೋದಲ್ಲಿ ಸೈಕೋ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ವಾಚನ್ನು ಮಾರಾಟಕ್ಕಿಟ್ಟಿತು. ಕೆಲವೇ ವರ್ಷಗಳಲ್ಲಿ ಅಗ್ಗದ ಬ್ಯಾಟರಿ ವಾಚು ಅತಿ ದುಬಾರಿ ಸ್ವಿಸ್ ಯಂತ್ರಕ್ಕಿಂತ ಕರಾರುವಾಕ್ಕಾಗಿ ಸಮಯ ತೋರಿಸತೊಡಗಿತು. ಸ್ವಿಟ್ಜರ್ಲೆಂಡಿನ ವಾಚು ಉದ್ಯಮದಲ್ಲಿದ್ದ ಸುಮಾರು 90 ಸಾವಿರ ನೌಕರಿಗಳು ಎಂಬತ್ತರ ದಶಕದ ಮಧ್ಯದ ಹೊತ್ತಿಗೆ 30 ಸಾವಿರದ ಆಸುಪಾಸಿಗೆ ಕುಸಿದವು. ಎಚ್‌ಎಂಟಿಗೆ ಪೆಟ್ಟು ತಡವಾಗಿ ಬಿತ್ತು. ಹೊಸೂರಿನ ಟೈಟನ್ ಕ್ವಾರ್ಟ್ಜ್ ವಾಚುಗಳ ಎದುರು ಅದು ಸೊರಗುತ್ತ ಹೋಗಿ, 2016ರಲ್ಲಿ ಕೇಂದ್ರ ಸರ್ಕಾರ ವಾಚು ಘಟಕಕ್ಕೆ ಬೀಗ ಹಾಕಲು ಒಪ್ಪಿತು. ಸ್ವಿಸ್ಸರು ಹಿಡಿದದ್ದು ಬೇರೆ ದಾರಿ. ಹೊತ್ತು ನೋಡಲು ಬೇಕಿಲ್ಲದ ವಸ್ತುವನ್ನು ಹೊತ್ತು ನೋಡುವುದಕ್ಕಲ್ಲದೆ ಬೇರೆಲ್ಲ ಕಾರಣಕ್ಕೂ ಮಾರಲು ಕಲಿತರು. ಗುಡ್ಡ ಹತ್ತುವವನ ಎಕ್ಸ್‌ಪ್ಲೋರರ್ ಆಭರಣವಾದದ್ದು ಹೀಗೆ.

ಆಭರಣವಾದ ಮೇಲೆ ಊದಿಕೊಳ್ಳದೆ ಇದ್ದೀತೆ? ಹೊಸ ಶತಮಾನದ ಮೊದಲ ದಶಕ ದಪ್ಪ ವಾಚುಗಳ ಕಾಲ. ಪಾನೆರಾಯ್‌ನಂಥ ಕಂಪನಿಗಳ 44 ಮಿಲಿಮೀಟರ್ ವಾಚುಗಳ ಮುಂದೆ ಉಳಿದವೆಲ್ಲ ಬಡಕಲಾಗಿ ಕಂಡವು. 2010ರಲ್ಲಿ ರೋಲೆಕ್ಸ್ ಕೂಡ ಮಣಿದು ಎಕ್ಸ್‌ಪ್ಲೋರರನ್ನು 39ಕ್ಕೆ ಹಿಗ್ಗಿಸಿತು. ಕವಚ ಬೆಳೆಯಿತು, ಮುಳ್ಳು ಬೆಳೆಯಲಿಲ್ಲ. ಅಪ್ಪನ ಅಂಗಿ ತೊಟ್ಟ ಹುಡುಗನ ಕೈಯಂತೆ ನಿಮಿಷದ ಮುಳ್ಳು ಅಂಚಿನ ಗೀಟುಗಳ ತನಕ ಚಾಚದೆ ಮೋಟಾಗಿ ಕಾಣುತ್ತಿತ್ತು. ಸೂಕ್ಷ್ಮಕ್ಕೆ ಹೆಸರಾದ ಕಂಪನಿ ಇದನ್ನು ತಿದ್ದಲು 2016ರವರೆಗೆ ಸಮಯ ತೆಗೆದುಕೊಂಡಿತು. 2021ರಲ್ಲಿ 39ನ್ನು ಕೈಬಿಟ್ಟು ಮತ್ತೆ 36ಕ್ಕೇ ಬಂತು. ಜೊತೆಗೆ ಉಕ್ಕು-ಚಿನ್ನ ಬೆರೆತ ಒಂದು ಆವೃತ್ತಿಯನ್ನೂ ತಂದಾಗ ಹಳೇ ಅಭಿಮಾನಿಗಳು ಮುಖ ಸಿಂಡರಿಸಿದರು. ಅದು ನನಗೂ ಹಿಡಿಸಿಲ್ಲ.

ಉಕ್ಕಿನದ್ದಕ್ಕೆ ಅಮೆರಿಕದಲ್ಲಿ ಆಗ ನಿಗದಿಯಾದ ಬೆಲೆ 6,450 ಡಾಲರ್. ಬೆಲೆ ಹಾಗಿತ್ತು, ವಾಚು ಸಿಗುತ್ತಿರಲಿಲ್ಲ. 2016ರಲ್ಲಿ ಸೆರಾಮಿಕ್ ಬಳೆಯ ಉಕ್ಕಿನ ಡೇಟೋನಾ ಬಂದಾಗಿನಿಂದ ಬಿಗಿಯುತ್ತಿದ್ದ ಸರದಿ, ಕೋವಿಡ್ ವೇಳೆಗೆ ಎಲ್ಲ ಉಕ್ಕಿನ ಮಾಡೆಲುಗಳಿಗೂ ಹಬ್ಬಿತ್ತು. ಕಾರ್ಖಾನೆಗಳು ಕೆಲ ವಾರ ಮುಚ್ಚಿದವು. ಮನೆಯಲ್ಲಿ ಕೂತವರ ಕೈಯಲ್ಲಿ ಖರ್ಚಾಗದ ದುಡ್ಡಿತ್ತು, ಮಳಿಗೆಯಲ್ಲಿ ಕೊಂಡು ಮರುದಿನವೇ ಹೆಚ್ಚಿನ ಬೆಲೆಗೆ ಮಾರುವವರೂ ಹುಟ್ಟಿಕೊಂಡರು. 2022ರ ವಸಂತದಲ್ಲಿ ತುತ್ತತುದಿ ಮುಟ್ಟಿದ ಮರುಮಾರಾಟದ ಬೆಲೆ ಆಮೇಲೆ ಇಳಿಯಿತು. ಕೊರತೆ ತನ್ನ ತಂತ್ರವಲ್ಲ, ಗುಣಮಟ್ಟ ತಗ್ಗಿಸದೆ ಇದಕ್ಕಿಂತ ಹೆಚ್ಚು ಮಾಡಲಾಗದು ಎಂದು ರೋಲೆಕ್ಸ್ 2021ರಲ್ಲಿ ಹೇಳಿತು. ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ವಾಚು ಮಾಡುತ್ತದೆಂದು ಮಾರುಕಟ್ಟೆ ಬಲ್ಲವರು ಅಂದಾಜಿಸುವ ಕಂಪನಿಯ ಮಾತಿದು. ಪೂರ್ತಿ ನಂಬುವುದು ಕಷ್ಟ, ತಳ್ಳಿಹಾಕುವುದೂ ಕಷ್ಟ. ಏಕೆಂದರೆ ಫ್ರೈಬರ್ಗ್ ಪ್ರಾಂತ್ಯದ ಬುಲ್ ಎಂಬಲ್ಲಿ ಅದು ಹೊಸ ಕಾರ್ಖಾನೆಯನ್ನೂ ಎಬ್ಬಿಸುತ್ತಿದೆ. 2029ಕ್ಕೆ ಬಾಗಿಲು ತೆರೆಯುವ ಲೆಕ್ಕ.

ಸರದಿ ಎಂದರೆ ನಮಗೇನೂ ಹೊಸದಲ್ಲ. ಬಜಾಜ್ ಚೇತಕ್ ಸ್ಕೂಟರಿಗೆ, ಟೆಲಿಫೋನಿಗೆ ವರ್ಷಗಟ್ಟಲೆ ಕಾದ ತಲೆಮಾರು ಇನ್ನೂ ನಮ್ಮೊಡನಿದೆ. ಆದರೆ ಆ ಪಟ್ಟಿಯಲ್ಲಿ ನಂಬರಿತ್ತು. ಕೆಳಗಿದ್ದರೂ ಒಂದಲ್ಲ ಒಂದು ದಿನ ಮೇಲೇರುವ ಖಾತ್ರಿಯಿತ್ತು. ರೋಲೆಕ್ಸ್ ಮಳಿಗೆಯ ಪಟ್ಟಿಯಲ್ಲಿ ನಂಬರಿಲ್ಲ. ಅದು ಆಸಕ್ತರ ಹೆಸರುಗಳ ಕಡತ, ಅಷ್ಟೇ. ವಾಚು ಬಂದಾಗ ಯಾರಿಗೆ ಫೋನ್ ಮಾಡಬೇಕೆಂದು ತೀರ್ಮಾನಿಸುವುದು ಮಳಿಗೆಯವರು. ಹಿಂದೆ ಅಲ್ಲೇ ಒಡವೆ ಕೊಂಡವರು, ಮಾರಿಕೊಳ್ಳದೆ ಕಟ್ಟಿಕೊಳ್ಳುವವರೆಂಬ ನಂಬಿಕೆ ಹುಟ್ಟಿಸಿದವರು ಮುಂದೆ ಬರುತ್ತಾರೆ. ಕೆಲವೆಡೆ ಕವಚದ ಪ್ಲಾಸ್ಟಿಕ್ ಪೊರೆಯನ್ನು ಗಿರಾಕಿಯ ಕಣ್ಣೆದುರೇ ಸುಲಿದು ಕೊಡುವುದು ಮರುಮಾರಾಟದ ಬೆಲೆ ಇಳಿಯಲೆಂದೇ. ಗಿರಾಕಿ ಅಂಗಡಿಯವನ ಮುಂದೆ ಕನ್ಯಾಪರೀಕ್ಷೆಗೆ ಕೂರಬೇಕಾದ ಈ ಪದ್ಧತಿ ನನಗಂತೂ ಅಸಹ್ಯ.

ಹಾಗಿದ್ದೂ ಎಕ್ಸ್‌ಪ್ಲೋರರನ್ನೇ ಬೇಕೆನ್ನುವವರ ಕಾರಣ, ಕೈಗೆ ಕಟ್ಟಿ ನೋಡಿದರೆ ತಿಳಿಯುತ್ತದೆ. ಆರೂವರೆ ಇಂಚಿನ ಮಣಿಕಟ್ಟಿನ ಮೇಲೆ ಪಟ್ಟಿ ಸೇರುವ ಅದರ ಕಿವಿಗಳು ಅಂಚು ದಾಟಿ ಚಾಚುವುದಿಲ್ಲ. ತುಂಬುತೋಳಿನ ಅಂಗಿಯ ಪಟ್ಟಿಯೊಳಗೆ ತಾನಾಗಿ ಜಾರಿಕೊಳ್ಳುತ್ತದೆ. ಸೆಕೆಂಡಿಗೆ ಎಂಟು ಹೆಜ್ಜೆ ಇಡುವ ಮುಳ್ಳು ನೋಡುವವರ ಕಣ್ಣಿಗೆ ತೆವಳಿದಂತೆ ಸಾಗುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ಓಡುತ್ತಲೇ ಇರುತ್ತದೆ, ಸ್ಪ್ರಿಂಗಿನಲ್ಲಿ 70 ಗಂಟೆಯ ಕಸುವಿದೆ. ತಾರೀಖಿಲ್ಲದ್ದರಿಂದ ಮೂವತ್ತು ದಿನದ ತಿಂಗಳು ಮುಗಿದಾಗ ತಿದ್ದುವ ಗೋಜೂ ಇಲ್ಲ.

ಕಾಯಲು ಮನಸ್ಸಿಲ್ಲದವರಿಗೆ 1989ರಿಂದ 2001ರವರೆಗೆ ತಯಾರಾದ 14270 ಎಂಬ ಹಳೇ ಎಕ್ಸ್‌ಪ್ಲೋರರ್ ಇದೆ. ಅದೇ 36, ಅದೇ ಮೂರು ಅಂಕಿ, ನೀಲಮಣಿ ಗಾಜು. ಕೊಂಚ ಟೊಳ್ಳೆನಿಸುವ ಪಟ್ಟಿ, ಎರಡು ದಿನಕ್ಕೆ ಸುಸ್ತಾಗುವ ಸ್ಪ್ರಿಂಗು, ಕತ್ತಲಲ್ಲಿ ಹೊಳೆಯದ ಅಂಕಿಗಳು, ಇವಿಷ್ಟು ಅದರ ಐಬು. ನನ್ನ ಓಟು ಇದಕ್ಕೇ. ಕೊಳ್ಳುವ ಮುನ್ನ ಭೂತಗನ್ನಡಿ ಹಿಡಿದು ಆರರ ಅಂಕಿಯ ಕೆಳಗೆ ಡಯಲ್‌ನ ಅಂಚು ನೋಡಿ. ತೊಂಬತ್ತರ ದಶಕದ ಮೊದಲರ್ಧದ್ದಾದರೆ ‘ಸ್ವಿಸ್’ ಪದದ ಅಕ್ಕಪಕ್ಕ ಕತ್ತಲಲ್ಲಿ ಹೊಳೆಯಲೆಂದು ಬಳಿಯುತ್ತಿದ್ದ ಟ್ರಿಟಿಯಮ್ ಬಣ್ಣವನ್ನು ಸೂಚಿಸುವ ‘ಟಿ’ ಅಕ್ಷರ ಇರಬೇಕು. ಆ ಬಣ್ಣ ಈಗ ಹೊಳೆಯುವುದಿಲ್ಲ, ಕೆನೆಬಣ್ಣಕ್ಕೆ ತಿರುಗಿರುತ್ತದೆ. ಕವಚದ ಅಂಚುಗಳು ಪದೇ ಪದೇ ಪಾಲಿಶ್ ಕಂಡು ಸವೆದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಸರ್ವಿಸಿನ ಖರ್ಚನ್ನು ಮೊದಲೇ ಬೆಲೆಯಲ್ಲಿ ಕಳೆಯಿರಿ.