ಕಾವಲೇ ಕಣ್ಣಿಗೆ ಮುಳುವಾದಾಗ

ಮನೆಯ ಹಿರಿಯರ ದೃಷ್ಟಿ ಮಂದವಾದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ಮೊದಲು ಕೇಳಿಬರುವ ಮಾತು ‘ಪೊರೆ ಬಂದಿರಬೇಕು’ ಎಂಬುದು. ಅನೇಕ ವೇಳೆ ಅದು ನಿಜವೂ ಹೌದು. ಪೊರೆ ಎಂದರೆ ಕಣ್ಣಿನ ಮಸೂರ ಮಬ್ಬಾಗುವುದು. ಶಸ್ತ್ರಚಿಕಿತ್ಸೆ ಮಾಡಿ ಮಸೂರ ಬದಲಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಆದರೆ ಮುಪ್ಪಿನಲ್ಲಿ ಬರುವ ಇನ್ನೊಂದು ರೋಗವಿದೆ. ಅದು ಮಸೂರದ್ದಲ್ಲ, ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ್ದು. ಅಲ್ಲಿ ನಾಶವಾದ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ.

ಅಕ್ಷಿಪಟಲದ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಭಾಗವೊಂದಿದೆ. ಅದೇ ಮ್ಯಾಕ್ಯುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಅದರ ಬಲದಿಂದಲೇ. ಬೆಳಕನ್ನು ಗ್ರಹಿಸುವ ಕೋಶಗಳು ತಮ್ಮ ಸವೆದ ತುದಿಗಳನ್ನು ದಿನವೂ ಕಳಚುತ್ತವೆ. ಅವುಗಳಿಗೆ ಅಂಟಿಕೊಂಡಿರುವ ವರ್ಣಕೋಶಗಳ ಪದರ ಆ ಕಸವನ್ನು ನುಂಗಿ ಅರಗಿಸುತ್ತದೆ. ವಯಸ್ಸಾದಂತೆ ಈ ಕೆಲಸ ಕುಂಟುತ್ತದೆ. ಪದರದ ಅಡಿಯಲ್ಲಿ ಕೊಬ್ಬು ಮತ್ತು ಪ್ರೋಟೀನುಗಳ ಹಳದಿ ಚುಕ್ಕೆಗಳು ಸೇರುತ್ತವೆ. ಇವೇ ಡ್ರೂಸೆನ್.

ರೋಗನಿರೋಧಕ ವ್ಯವಸ್ಥೆಯ ಪಾತ್ರ ಶುರುವಾಗುವುದು ಇಲ್ಲಿ. ನಮ್ಮ ರಕ್ತದಲ್ಲಿ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಗುಂಪಿದೆ. ರೋಗಾಣು ಒಳಹೊಕ್ಕರೆ ಅವು ಅದಕ್ಕೆ ಅಂಟಿಕೊಂಡು, ಅದರ ಹೊದಿಕೆಯನ್ನು ತೂತು ಮಾಡುತ್ತವೆ; ಬಿಳಿ ರಕ್ತಕಣಗಳನ್ನೂ ಕರೆಯುತ್ತವೆ. ಈ ಕಾವಲುಪಡೆ ನಮ್ಮದೇ ಕೋಶಗಳ ಮೇಲೆ ಬೀಳದಂತೆ ತಡೆಯಲು ಕಡಿವಾಣಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ‘ಫ್ಯಾಕ್ಟರ್ ಎಚ್’. ಈ ಕಡಿವಾಣ ಸಡಿಲವಾದರೆ ಡ್ರೂಸೆನ್ ಇದ್ದ ಜಾಗದಲ್ಲಿ ಸಣ್ಣ ಉರಿಯೂತ ವರ್ಷಗಟ್ಟಲೆ ಮುಂದುವರಿದು, ಸುತ್ತಲಿನ ಆರೋಗ್ಯವಂತ ಕೋಶಗಳೂ ನಲುಗುತ್ತವೆ.

2005ರಲ್ಲಿ ವಿಜ್ಞಾನಿಗಳ ಹಲವು ತಂಡಗಳು ಈ ನಂಟನ್ನು ವಂಶವಾಹಿಯಲ್ಲೇ ಗುರುತಿಸಿದವು. ಫ್ಯಾಕ್ಟರ್ ಎಚ್‌ನ 402ನೆಯ ಸ್ಥಾನದಲ್ಲಿ ಟೈರೊಸಿನ್ ಬದಲು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವಿದ್ದರೆ ರೋಗದ ಸಂಭವ ಹೆಚ್ಚು. ಹಾಗೆಂದು ಅಂಥವರಿಗೆಲ್ಲ ರೋಗ ಬಂದೇ ತೀರುತ್ತದೆ ಎಂದಲ್ಲ. ವಯಸ್ಸು ನಮ್ಮ ಕೈಯಲ್ಲಿಲ್ಲ, ವಂಶವೂ ಇಲ್ಲ. ಆದರೆ ಅಪಾಯವನ್ನು ಹೆಚ್ಚಿಸುವ ಧೂಮಪಾನವನ್ನು ಬಿಡುವುದು ನಮ್ಮ ಕೈಯಲ್ಲೇ ಇದೆ.

ಈ ರೋಗದಲ್ಲಿ ಎರಡು ಬಗೆ. ‘ಒಣ’ ಬಗೆ ನಿಧಾನವಾಗಿ ಬೆಳೆಯುತ್ತದೆ. ‘ಒದ್ದೆ’ ಬಗೆಯಲ್ಲಿ ಹೊಸ ದುರ್ಬಲ ರಕ್ತನಾಳಗಳು ಹುಟ್ಟಿ ಸೋರುವುದರಿಂದ ದೃಷ್ಟಿ ಬೇಗ ಕೆಡುತ್ತದೆ. ತಡಮಾಡದೆ ಕಣ್ಣಿನೊಳಕ್ಕೆ ಔಷಧಿಯ ಚುಚ್ಚುಮದ್ದು ಕೊಟ್ಟರೆ ಬಹಳಷ್ಟು ಉಳಿಸಿಕೊಳ್ಳಬಹುದು. ಒಣ ಬಗೆಯ ಕೊನೆಯ ಹಂತಕ್ಕೆ, ಕಾಂಪ್ಲಿಮೆಂಟನ್ನು ತಡೆಯುವ ಎರಡು ಔಷಧಿಗಳಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆಯಿತು. ಅವು ಕೋಶಗಳ ನಾಶವನ್ನು ನಿಧಾನಗೊಳಿಸುತ್ತವೆಯೇ ಹೊರತು ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ.

ಆದುದರಿಂದ ಬೇಗ ಪತ್ತೆಹಚ್ಚುವುದೇ ಮುಖ್ಯ. ಇದಕ್ಕೊಂದು ಸುಲಭ ಪರೀಕ್ಷೆಯನ್ನು ನೀವೇ ಮಾಡಿಸಬಹುದು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲವಿದೆ. ಕಲ್ಲುಗಳ ನಡುವಿನ ಸಂದುಗಳು ನೇರ ಗೆರೆಗಳು. ಅಜ್ಜ ಅಥವಾ ಅಜ್ಜಿ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಆ ಗೆರೆಗಳನ್ನು ನೋಡಲಿ. ಬಳಿಕ ಇನ್ನೊಂದು ಕಣ್ಣಿನಿಂದ. ಎರಡೂ ಕಣ್ಣು ತೆರೆದಿದ್ದರೆ ಒಂದರ ದೋಷವನ್ನು ಇನ್ನೊಂದು ಮರೆಮಾಚುತ್ತದೆ. ನೇರ ಗೆರೆ ಡೊಂಕಾಗಿ ಕಂಡರೆ, ನಡುವೆ ಕಪ್ಪು ಕಲೆ ತೋರಿದರೆ, ‘ಪೊರೆ ಬಲಿಯಲಿ’ ಎಂದು ಕಾಯಬಾರದು. ಕೂಡಲೇ ನೇತ್ರತಜ್ಞರಿಗೆ ತೋರಿಸಬೇಕು. ಗೆರೆ ನೇರವಾಗಿ ಕಂಡರೂ ಹಿರಿಯರ ಕಣ್ಣುಗಳನ್ನು ಆಗಾಗ ತಪಾಸಣೆ ಮಾಡಿಸುವುದು ತಪ್ಪಬಾರದು. ರೋಗದ ಆರಂಭದಲ್ಲಿ ಯಾವ ಲಕ್ಷಣವೂ ಕಾಣದಿರಬಹುದು.