ನಿಮಗಿದು ಗೊತ್ತೆ? ಗುಲಾಬಿ ಜೆರ್ಸಿಯ ವಿಶ್ವ ಚಾಂಪಿಯನ್ನರು

ಪುರುಷರ ಐಸ್ ಹಾಕಿ ಒಲಿಂಪಿಕ್ಸ್‌ಗೆ ಕಾಲಿಟ್ಟಿದ್ದು 1920ರಲ್ಲಿ, ಆಂಟ್ವರ್ಪ್‌ನಲ್ಲಿ. ಅದೂ ಬೇಸಿಗೆ ಒಲಿಂಪಿಕ್ಸ್‌ನಲ್ಲಿ! ಕೆನಡಾ ಚಿನ್ನ ಗೆದ್ದಿತು.

ಮಹಿಳೆಯರು ಮಾತ್ರ ತಮ್ಮ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ಗಾಗಿ 1990ರವರೆಗೆ ಕಾಯಬೇಕಾಯಿತು. ಒಟ್ಟಾವದಲ್ಲಿ ನಡೆದ ಆ ಟೂರ್ನಿಯಲ್ಲಿ, ಜನರ ಗಮನ ಸೆಳೆಯಲೆಂದು ಆತಿಥೇಯ ಕೆನಡಾ ತಂಡಕ್ಕೆ ಎಂದಿನ ಕೆಂಪು ಜೆರ್ಸಿಯ ಬದಲು ಗುಲಾಬಿ ಜೆರ್ಸಿ ತೊಡಿಸಿದರು. ಆಟಕ್ಕಿಂತ ಉಡುಪಿನ ಬಣ್ಣವೇ ಸುದ್ದಿಯಾಗಿದ್ದು ಬೇಸರದ ಸಂಗತಿ. ಏಕೆಂದರೆ ಆ ಆಟ ಅಷ್ಟು ಸೊಗಸಾಗಿತ್ತು. ಫೈನಲ್‌ನಲ್ಲಿ ಅಮೆರಿಕ ವಿರುದ್ಧ 0–2ರಿಂದ ಹಿಂದಿದ್ದ ಕೆನಡಾ, ಕೊನೆಗೆ 5–2ರಿಂದ ಗೆದ್ದಿತು. ರಕ್ಷಣಾ ಆಟಗಾರ್ತಿ ಜೆರಾಲ್ಡೀನ್ ಹೀನಿ ಎದುರಾಳಿಯನ್ನು ತಪ್ಪಿಸಿ, ಗಾಳಿಯಲ್ಲಿ ತೇಲುತ್ತಲೇ ಗೋಲು ಹೊಡೆದಿದ್ದನ್ನು ಅಭಿಮಾನಿಗಳು ಇಂದಿಗೂ ಮರೆತಿಲ್ಲ.

ಇನ್ನೊಂದು ವಿಶೇಷ: ಎದುರಾಳಿಗೆ ಮೈಯಿಂದಲೇ ಡಿಕ್ಕಿ ಹೊಡೆದು ತಡೆಯುವ ‘ಬಾಡಿ ಚೆಕಿಂಗ್’ಗೆ ಆ ಟೂರ್ನಿಯಲ್ಲಿ ಅವಕಾಶವಿತ್ತು. ಆಮೇಲೆ ಮಹಿಳೆಯರ ಆಟದಲ್ಲಿ ಅದನ್ನು ನಿಷೇಧಿಸಲಾಯಿತು.

ಮಹಿಳಾ ಐಸ್ ಹಾಕಿಗೆ ಒಲಿಂಪಿಕ್ಸ್ ಬಾಗಿಲು ತೆರೆದಿದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಅಲ್ಲಿ ಅಮೆರಿಕವೇ ಕೆನಡಾವನ್ನು 3–1ರಿಂದ ಮಣಿಸಿ ಚಿನ್ನ ಗೆದ್ದಿತು.

ನಮ್ಮವರೂ ಹಿಂದೆ ಬಿದ್ದಿಲ್ಲ. ಲಡಾಖಿನ ಆಟಗಾರ್ತಿಯರೇ ಹೆಚ್ಚಾಗಿರುವ ಭಾರತ ತಂಡ 2025ರ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ.