ಸಿಹಿ ಎಲೆಯೋ, ಜುಕಿನಿಯೋ? ಮೊದಲು ನಿಮ್ಮ ಬಾವಿಯನ್ನು ಕೇಳಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿ ಬೇಸಾಯ ಮಾಡುತ್ತಿರುವ ನಮ್ಮ ಕನ್ನಡ ಬಾಂಧವರಿಗೆ ತೆಂಗು, ಜೋಳ, ಸಣ್ಣ ಈರುಳ್ಳಿ, ಟೊಮೆಟೊ ಕೈಗೂಡಿದ ಬೆಳೆಗಳು. ಟೊಮೆಟೊ ಬೆಲೆ ನೆಲಕಚ್ಚಿದ ವರ್ಷ ಮಾತ್ರ “ಬೇರೆ ಏನಾದರೂ ಹಾಕಿ ನೋಡೋಣ” ಎಂಬ ಮಾತು ಏಳುತ್ತದೆ. ಆಗ ಕಿವಿಗೆ ಬೀಳುವ ಹೊಸ ಹೆಸರುಗಳಲ್ಲಿ ಎರಡು, ಸ್ಟೀವಿಯಾ ಮತ್ತು ಜುಕಿನಿ. ಎರಡೂ ಅಮೆರಿಕ ಖಂಡದ ಮೂಲದವು. ಅದನ್ನು ಬಿಟ್ಟರೆ ಇವುಗಳ ಸ್ವಭಾವ ಪೂರ್ವ ಪಶ್ಚಿಮ. ಒಂದನ್ನು ನೆಟ್ಟರೆ ಮೂರು ನಾಲ್ಕು ವರ್ಷ ಅದರೊಡನೆ ಬಾಳಬೇಕು. ಇನ್ನೊಂದು ಮೂರು ತಿಂಗಳಲ್ಲಿ ಲೆಕ್ಕ ಮುಗಿಸುತ್ತದೆ. ಯಾವುದು ಯಾರಿಗೆ ಎಂಬುದನ್ನು ಹಣ ಹಾಕುವ ಮೊದಲೇ ತಿಳಿಯುವುದು ಲೇಸು.

ಗಿಡಗಳ ಪರಿಚಯ

ಸ್ಟೀವಿಯಾ ಪರಾಗ್ವೆ ದೇಶದ ಗಿಡ. ತಮಿಳಿನಲ್ಲಿ ಇದನ್ನು ಸೀನಿ ತುಳಸಿ ಎನ್ನುತ್ತಾರೆ. ಆದರೆ ಇದು ತುಳಸಿಯಲ್ಲ, ಸೂರ್ಯಕಾಂತಿ, ಸೇವಂತಿಗೆಗಳ ವಂಶದ್ದು. ಪರಾಗ್ವೆಯ ಗ್ವಾರಾನಿ ಜನರು ಬಹು ಹಿಂದಿನಿಂದ ಬಳಸುತ್ತಿದ್ದ ಈ ಗಿಡವನ್ನು 1899ರಲ್ಲಿ ಬೆರ್ತೋನಿ ಎಂಬ ಸಸ್ಯ ಶಾಸ್ತ್ರಜ್ಞರು ಲೋಕಕ್ಕೆ ಪರಿಚಯಿಸಿದರು. ಎಲೆಯಿಂದ ತೆಗೆದ ಶುದ್ಧ ಸಾರವು ಸಕ್ಕರೆಗಿಂತ 200ರಿಂದ 300 ಪಾಲು ಸಿಹಿ. ಈ ಸಾರವನ್ನು ಕೆಲವು ತಿನಿಸು ಪಾನೀಯಗಳಲ್ಲಿ ಬಳಸಲು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಒಪ್ಪಿಗೆ ಕೊಟ್ಟಿತು. 1912ರಲ್ಲಿ ಸ್ಥಾಪನೆಯಾದ ಕಬ್ಬಿನ ತಳಿ ಸಂಸ್ಥೆ ಇರುವ ಕೊಯಮತ್ತೂರಿನಲ್ಲಿ ಸಿಹಿಯ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಕಬ್ಬಿಗೆ ಗಾಣವುಂಟು, ಕಾರ್ಖಾನೆಯುಂಟು. ಸ್ಟೀವಿಯಾ ಎಲೆಗೆ ಊರ ಬಳಿ ಅಂಥ ಆಸರೆ ಇಲ್ಲ.

ಜುಕಿನಿ ಕುಂಬಳದ ವಂಶದ್ದು, ಇಟಲಿಯಲ್ಲಿ ರೂಪುಗೊಂಡ ತಳಿ. ಬಳ್ಳಿಯಾಗಿ ಹಬ್ಬದೆ ಪೊದೆಯಾಗಿ ನಿಲ್ಲುತ್ತದೆ. ಎಳೆಗಾಯಿಯನ್ನೇ ಕೊಯ್ಯುತ್ತಾರೆ. ಪಲ್ಯ, ಕೂಟು, ಹುಳಿ ಎಲ್ಲಕ್ಕೂ ಒದಗುತ್ತದೆ.

ಭೂಮಿ ಮತ್ತು ನೀರು

ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಎರಡಕ್ಕೂ ಒಳ್ಳೆಯದು. ನೀರು ನಿಲ್ಲುವ ಎರೆ ಭೂಮಿಯಲ್ಲಿ ಸ್ಟೀವಿಯಾ ಬೇರು ಕೊಳೆತು ಸಾಯುತ್ತದೆ. ಏರುಮಡಿ ಮಾಡದೆ ಅಲ್ಲಿ ನೆಡಬಾರದು. ಐಪ್ಪಸಿ ಕಾರ್ತಿಕ ಮಾಸಗಳ ಹಿಂಗಾರು ಮಳೆಯಲ್ಲಿ ಈ ಎಚ್ಚರ ಇಮ್ಮಡಿ ಬೇಕು.

ಸ್ಟೀವಿಯಾ ಬೇರು ಮೇಲುಮೇಲಕ್ಕೇ ಹರಡುವುದರಿಂದ ಬೇಸಿಗೆಯಲ್ಲಿ ಒಂದು ವಾರ ನೀರು ತಪ್ಪಿದರೂ ಗಿಡ ಸೊರಗುತ್ತದೆ. ಪರಂಬಿಕುಳಂ–ಆಳಿಯಾರ್ ಕಾಲುವೆಯ ಸರದಿ ನೀರನ್ನೇ ನಂಬಿದ ಪಲ್ಲಡಂ, ಉಡುಮಲಪೇಟೆ ಕಡೆಯ ರೈತರಿಗೆ ಇದು ಹೊಂದುವುದಿಲ್ಲ. ವರ್ಷವಿಡೀ ಬತ್ತದ ಬಾವಿಯೂ ಹನಿ ನೀರಾವರಿಯೂ ಇದ್ದವರು ಮಾತ್ರ ಯೋಚಿಸಬಹುದು. ಜುಕಿನಿಗೂ ನೀರು ತಪ್ಪಬಾರದು, ಆದರೆ ಅದರ ಬಾಳು 80–90 ದಿನ; ಕಾಲುವೆಯ ಒಂದು ಸರದಿಯೊಳಗೆ ಮುಗಿಸಬಹುದು.

ನೀರಿನ ಗುಣವನ್ನೂ ನೋಡಬೇಕು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕೊಳೆನೀರು ನೊಯ್ಯಲ್ ನದಿಗೆ ಸೇರಿ ದಂಡೆಯ ಬಾವಿಗಳು ಉಪ್ಪಾದ ಕಥೆ ಎಲ್ಲರಿಗೂ ಗೊತ್ತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅವನ್ನು ಮುಚ್ಚಲು ಆಜ್ಞೆ ಮಾಡಬೇಕಾಯಿತು. ಉಪ್ಪು ನೀರು ಸ್ಟೀವಿಯಾಕ್ಕೆ ಆಗದು. ಜುಕಿನಿ ಅಲ್ಪಸ್ವಲ್ಪ ಉಪ್ಪನ್ನು ತಡೆದೀತು. ಸಸಿಗೆ ಹಣ ಕೊಡುವ ಮೊದಲು ಬಾವಿಯ ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿರಿ.

ನಾಟಿ ಮತ್ತು ಆರೈಕೆ

ಸ್ಟೀವಿಯಾ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತರೂ ತಾಯಿ ಗಿಡದ ಸಿಹಿ ಬರುತ್ತದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಅಥವಾ ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಯನ್ನೇ ಕೊಳ್ಳಬೇಕು. ಎಕರೆಗೆ 30–40 ಸಾವಿರ ಸಸಿ ಬೇಕಾಗುತ್ತದೆ. ದೊಡ್ಡ ಖರ್ಚು ಇದೇ. ಜುಕಿನಿಯನ್ನು ಸಾಲಿಗೆ 4 ಅಡಿ, ಗಿಡಕ್ಕೆ 2 ಅಡಿ ಬಿಟ್ಟು ಬಿತ್ತಿದರೆ ಎಕರೆಗೆ 5,400ರಷ್ಟು ಗಿಡ ಸಾಕು. ಹಿಂಗಾರು ಹಿಂದೆಗೆದ ಮೇಲೆ, ಚಳಿಯ ದಿನಗಳಲ್ಲಿ ಬಿತ್ತುವುದು ಉತ್ತಮ. ಬಿರುಬಿಸಿಲಲ್ಲಿ ಗಂಡು ಹೂಗಳೇ ಹೆಚ್ಚಾಗಿ ಕಾಯಿ ಕಡಿಮೆಯಾಗುತ್ತದೆ.

ಸ್ಟೀವಿಯಾದ ಒಂದು ಗುಟ್ಟನ್ನು ಸಸಿ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹಗಲು ಚಿಕ್ಕದಾದರೆ ಈ ಗಿಡ ಹೂ ಬಿಡುತ್ತದೆ. ಹೂ ಬಿಟ್ಟರೆ ಎಲೆಯ ಸಿಹಿ ಇಳಿಯುತ್ತದೆ. ನಮ್ಮ ಈ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ತಾಸು ತುಂಬುವುದಿಲ್ಲ. ಆದ್ದರಿಂದ ಗಿಡ ಸದಾ ಮೊಗ್ಗಿಗೆ ಹವಣಿಸುತ್ತಿರುತ್ತದೆ. ಕುಡಿ ಚಿವುಟುವ ಕೆಲಸ, ಕೈಯಿಂದ ಕಳೆ ಕೀಳುವ ಕೆಲಸ ಬಿಡುವಿಲ್ಲದೆ ನಡೆಯಬೇಕು. ಮನೆಮಂದಿ ದುಡಿಯುವಲ್ಲಿ ಇದು ಸಾಗೀತು. ಎಲ್ಲವನ್ನೂ ಕೂಲಿಯಿಂದ ಮಾಡಿಸುವಲ್ಲಿ ಕೈ ಕಚ್ಚೀತು.

ಜುಕಿನಿಯ ಕಷ್ಟ ಬೇರೆ. ಗಂಡು ಹೂವಿನ ಪರಾಗವನ್ನು ಜೇನುನೊಣ ಹೆಣ್ಣು ಹೂವಿಗೆ ಒಯ್ಯಬೇಕು, ಅದೂ ಬೆಳಗಿನ ಹೊತ್ತಿನಲ್ಲೇ. ಔಷಧಿ ಸಿಂಪಡಿಸುವುದಾದರೆ ಸಂಜೆಯೇ ಸಿಂಪಡಿಸಿರಿ. ಬೂದಿ ರೋಗ, ಹಣ್ಣಿನ ನೊಣ, ಬಿಳಿನೊಣ ಮತ್ತು ಹೇನು ಹರಡುವ ನಂಜು ರೋಗ ಇದರ ಶತ್ರುಗಳು. ನೊಣಕ್ಕೆ ಮೋಹಕ ಬಲೆ ಕಟ್ಟಿರಿ. ನಂಜು ತಗಲಿದ ಗಿಡವನ್ನು ಕಂಡೊಡನೆ ಕಿತ್ತು ಹೊರಗೆ ಹಾಕಿರಿ. ಬೂದಿ ರೋಗಕ್ಕೆಂದು ಬಿಸಿಲಲ್ಲಿ ಗಂಧಕ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಕೊಯ್ಲು ಮತ್ತು ಮಾರಾಟ

ಸ್ಟೀವಿಯಾವನ್ನು ನೆಟ್ಟ ಮೂರು ನಾಲ್ಕು ತಿಂಗಳಿಗೆ ಮೊಗ್ಗು ಕಾಣುವ ಹೊತ್ತಿನಲ್ಲಿ, ನೆಲದಿಂದ ನಾಲ್ಕು ಅಂಗುಲ ಬಿಟ್ಟು ಕತ್ತರಿಸಬೇಕು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕೊಯ್ಲು. ಗಾಳಿಯಾಡುವ ನೆರಳಿನಲ್ಲಿ ಬೇಗ ಒಣಗಿಸದಿದ್ದರೆ ಎಲೆ ಕಪ್ಪಾಗುತ್ತದೆ. ನಾಲ್ಕೈದು ಕಿಲೋ ಹಸಿ ಎಲೆಗೆ ಒಂದು ಕಿಲೋ ಒಣ ಎಲೆ ಸಿಕ್ಕೀತು. ಒಣ ಎಲೆ ಕೆಡದೆ ಕಾಯುತ್ತದೆ, ನಿಜ. ಆದರೆ ಯಾರಿಗಾಗಿ ಕಾಯಬೇಕು? ಸಂತೆಯಲ್ಲಿ ಅದಕ್ಕೆ ಧಾರಣೆಯಿಲ್ಲ. ಕೊಳ್ಳುವವರು ಎಲೆಯ ಸಿಹಿಯ ಅಂಶ ನೋಡಿ ಬೆಲೆ ಕಟ್ಟುತ್ತಾರೆ. ತೂಕ ಯಾರದು, ಪರೀಕ್ಷೆ ಎಲ್ಲಿ, ಹಣ ಎಷ್ಟು ದಿನದಲ್ಲಿ ಎಂಬ ಮೂರನ್ನೂ ನಾಟಿಗೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಸಸಿ ಮಾರಿದವನೇ “ಎಲೆ ನಾನೇ ಕೊಳ್ಳುತ್ತೇನೆ” ಎಂದು ಬಾಯಿಮಾತು ಕೊಟ್ಟರೆ ನಂಬಿ ನಡೆಯಬೇಡಿರಿ.

ಜುಕಿನಿ ಬಿತ್ತಿದ 40–50 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹೂ ಅರಳಿದ ವಾರದೊಳಗೆ ಕಾಯಿ 6–8 ಅಂಗುಲವಾಗುತ್ತದೆ. ಆಗಲೇ ಕೊಯ್ಯಬೇಕು, ದಿನ ಬಿಟ್ಟು ದಿನ ತೋಟ ಸುತ್ತಬೇಕು. ಬಲಿತ ಕಾಯಿಯನ್ನು ವ್ಯಾಪಾರಿ ಮುಟ್ಟುವುದಿಲ್ಲ, ಗಿಡವೂ ಹೊಸ ಕಾಯಿ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಕಹಿಯಾದ ಕಾಯಿ ವಿಷಕ್ಕೆ ಸಮಾನ, ತಿನ್ನಬಾರದು. ಗಿರಾಕಿಗಳು ನಗರದ ಹೋಟೆಲು, ದೊಡ್ಡ ಅಂಗಡಿಗಳೇ ಹೆಚ್ಚು. ಹತ್ತು ಜನ ಒಟ್ಟಿಗೆ ಬೆಳೆದರೆ ಬೆಲೆ ಬೀಳುತ್ತದೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುವುದು ಜಾಣತನ.

ಕೊನೆಯ ಮಾತು

ಸಿಹಿ ನೀರಿನ ತುಂಬಿದ ಬಾವಿ, ಮನೆಯಲ್ಲಿ ಕೈಕೆಲಸದ ಜನ, ಕೈಯಲ್ಲಿ ಲಿಖಿತ ಒಪ್ಪಂದ — ಈ ಮೂರೂ ಇದ್ದವರಿಗೆ ಸ್ಟೀವಿಯಾ. ಮೂರು ತಿಂಗಳ ನೀರು, ನಗರಕ್ಕೆ ಹತ್ತಿರದ ದಾರಿ, ಮುಂಜಾನೆ ಏಳುವ ಅಭ್ಯಾಸ ಇದ್ದವರಿಗೆ ಜುಕಿನಿ. ಯಾವುದಾದರೂ ಮೊದಲ ವರ್ಷ 5 ಸೆಂಟ್ ಮೀರಬಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತು ಹೊಸ ಬೆಳೆಗೂ ಸಲ್ಲುತ್ತದೆ. ಸಂಶಯವಿದ್ದಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವನ್ನೋ ನಿಮ್ಮ ವಲಯದ ತೋಟಗಾರಿಕೆ ಅಧಿಕಾರಿಯನ್ನೋ ವಿಚಾರಿಸಿ ಮುಂದುವರಿಯಿರಿ.